ಮನೆಯ ಲೆಕ್ಕ ಮಕ್ಕಳಿಗೂ ಗೊತ್ತಿರಲಿ

ನನ್ನ ಅಪ್ಪ ಸಾಗರದಲ್ಲಿ ಪಿಗ್ಮಿ, ಅಂದರೆ ಜನ ದಿನಾ ಕಟ್ಟುವ ಸಣ್ಣ ಉಳಿತಾಯದ ದುಡ್ಡು, ಕಲೆಕ್ಟ್ ಮಾಡುತ್ತಿದ್ದರು. ಸಂಜೆ ನಾಲ್ಕೂವರೆಗೆ ಸೈಕಲ್ ಹತ್ತಿದರೆ ಮನೆಗೆ ಬರುವಾಗ ಎಂಟು ಗಂಟೆ. ಹೆಗಲಿಗೆ ಖಾಕಿ ಬಟ್ಟೆಯ ಚೀಲ. ಅದರೊಳಗೆ ರಸೀದಿ ಪುಸ್ತಕ, ಮಾಸಿದ ಕಾರ್ಬನ್ ಹಾಳೆ, ಚಿಲ್ಲರೆಗೆ ಒಂದು ಸಣ್ಣ ಡಬ್ಬಿ. ಶಾಲೆಗೆ ರಜೆ ಇದ್ದಾಗ ನಾನೂ ಸೈಕಲ್ಲಿನ ಹಿಂದೆ ಕೂರುತ್ತಿದ್ದೆ. 1987ರ ಮಾತು ಇದು. ನನಗೆ ಆಗ ಒಂಬತ್ತು ವರ್ಷ.

ಮೊದಲು ಸಿಗುತ್ತಿದ್ದವರು ಮಾರಿಗುಡಿ ಹತ್ತಿರದ ಹೂವಿನಕ್ಕ. ದಿನಕ್ಕೆ ಎರಡು ರೂಪಾಯಿ ಕಟ್ಟುತ್ತಿದ್ದರು. ಮಳೆ ಹಿಡಿದ ಜುಲೈ ತಿಂಗಳಲ್ಲಿ ವ್ಯಾಪಾರವೇ ಇಲ್ಲದ ದಿನ ಒಂದು ರೂಪಾಯಿ ಕೊಟ್ಟು, "ಇವತ್ತು ಇಷ್ಟೇ, ಬರ್ಕೊಳ್ಳಿ" ಅನ್ನುತ್ತಿದ್ದರು. ಆದರೆ ಬರಿಗೈಯಲ್ಲಿ ಕಳಿಸಿದ್ದು ನನಗೆ ನೆನಪಿಲ್ಲ. ಆಮೇಲೆ ಚಹಾ ಹೋಟೆಲು, ಸೈಕಲ್ ಶಾಪು, ಗಂಧದ ಕೆತ್ತನೆ ಮಾಡುವ ಗುಡಿಗಾರರ ಮನೆ. ಕೊನೆಗೆ ದೊಡ್ಡದೊಂದು ಬಟ್ಟೆ ಅಂಗಡಿ. ಅಲ್ಲಿ ಮಾತ್ರ ವಾರಕ್ಕೆ ಮೂರು ದಿನ "ನಾಳೆ ಬನ್ನಿ, ಒಟ್ಟಿಗೆ ಕೊಡ್ತೀನಿ" ಅನ್ನುವ ಉತ್ತರ.

ಒಂದು ದಿನ ಅಪ್ಪನನ್ನು ಕೇಳಿದೆ. "ಅವರ ಹತ್ರ ಜಾಸ್ತಿ ದುಡ್ಡಿದೆ ಅಲ್ವಾ? ಮತ್ತೆ ಯಾಕೆ ಕೊಡಲ್ಲ?"

ಅಪ್ಪ ಸೈಕಲ್ ತುಳಿಯುತ್ತಲೇ ಹೇಳಿದರು. "ಅವರ ದುಡ್ಡು ಕಪಾಟಿನಲ್ಲಿ ಬಟ್ಟೆಯಾಗಿ ಕೂತಿದೆ ಮಾರಾಯ್ತಿ. ಮಾರಿದ ಮೇಲೆ ದುಡ್ಡು. ಹೂವಿನಕ್ಕನ ದುಡ್ಡು ಸಂಜೆ ಹೊತ್ತಿಗೆ ಅವಳ ಕೈಯಲ್ಲೇ ಇರುತ್ತೆ. ಬೆಳಗಾದ್ರೆ ಇರಲ್ಲ. ಅದಕ್ಕೇ ನಾನು ಸಂಜೆ ಹೋಗೋದು."

ಎಷ್ಟೋ ವರ್ಷ ಆದ ಮೇಲೆ ಒಂದು ತರಬೇತಿಯಲ್ಲಿ ಸರಕು ಬೇರೆ, ಕೈಯಲ್ಲಿರುವ ನಗದು ಬೇರೆ ಎಂದು ಅರ್ಧ ದಿನ ಹೇಳಿಕೊಟ್ಟರು. ನನಗೆ ಅದು ಸೈಕಲ್ಲಿನ ಹಿಂದೆ ಕೂತಾಗಲೇ ಗೊತ್ತಾಗಿತ್ತು.

ಊರಿನ ಸುತ್ತ ಅಡಿಕೆ ತೋಟದವರು ಜಾಸ್ತಿ. ಅವರ ದುಡ್ಡು ಬರುವುದು ವರ್ಷಕ್ಕೊಮ್ಮೆ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಅಡಿಕೆ ಮಂಡಿಗೆ ಹೋಗಬೇಕು. ಅಲ್ಲಿಯವರೆಗೆ ಮಂಡಿಯಲ್ಲಿ ಮುಂಗಡ ತಂದು ದಿನ ದೂಡಬೇಕು. ಹೂವಿನಕ್ಕನದು ದಿನದ ದುಡ್ಡು, ಗಾರೆ ಕೆಲಸದವರದು ವಾರದ ದುಡ್ಡು, ಮೇಷ್ಟ್ರದು ತಿಂಗಳ ದುಡ್ಡು, ತೋಟದವರದು ವರ್ಷದ ದುಡ್ಡು. ಒಬ್ಬೊಬ್ಬರು ಉಳಿಸುವ ರೀತಿ, ಖರ್ಚು ಮಾಡುವ ರೀತಿ, ಸಾಲಕ್ಕೆ ಹೆದರುವ ರೀತಿ ಎಲ್ಲ ಅದರ ಮೇಲೇ ನಿಂತಿತ್ತು. ಸಂಬಳದ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಇದನ್ನು ಹೇಗಾದರೂ ತೋರಿಸಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ. ಎಲ್ಲರ ಮನೆಗೂ ಒಂದನೇ ತಾರೀಖು ದುಡ್ಡು ಬರುವುದಿಲ್ಲ.

ಈ ಪಿಗ್ಮಿ ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಅವರ ಅಣ್ಣ ಉಪೇಂದ್ರ ಅನಂತ ಪೈ ಮತ್ತು ಇಂಜಿನಿಯರ್ ವಾಮನ ಕುಡ್ವ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಬಂಡವಾಳ 8,000 ರೂಪಾಯಿ. ಕೈಮಗ್ಗ ಕುಸಿದು ಕಷ್ಟದಲ್ಲಿದ್ದ ನೇಕಾರರಿಗೆ ಆಸರೆ ಆಗಬೇಕು ಅನ್ನುವುದು ಉದ್ದೇಶ. 1928ರಲ್ಲಿ ಪಿಗ್ಮಿ ಶುರುವಾಯಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆಗ ರೂಪಾಯಿಗೆ ಹದಿನಾರಾಣೆ. ಎರಡಾಣೆ ಅಂದರೆ ರೂಪಾಯಿಯ ಎಂಟನೇ ಒಂದು ಪಾಲು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಆ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿಹೋಯಿತು. ಪಿಗ್ಮಿ ಅನ್ನುವ ಮಾತು ಮಾತ್ರ ನಮ್ಮ ಪೇಟೆಗಳಲ್ಲಿ ಹಾಗೇ ಉಳಿದಿದೆ. ಈಗಲೂ ಸೊಸೈಟಿಗಳ ಪಿಗ್ಮಿಯವರು ಕೈಯಲ್ಲೊಂದು ಪುಟ್ಟ ಮಷೀನು ಹಿಡಿದು ಅಂಗಡಿ ಅಂಗಡಿಗೆ ಬರುತ್ತಾರೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಊರಿನವರ ದುಡ್ಡಿನ ವಿಷಯ ಇಷ್ಟು ಚೆನ್ನಾಗಿ ಗೊತ್ತಿದ್ದ ಅಪ್ಪ, ನಮ್ಮ ಮನೆಯ ದುಡ್ಡಿನ ವಿಷಯ ಒಂದು ದಿನವೂ ನಮ್ಮ ಮುಂದೆ ಮಾತಾಡಲಿಲ್ಲ.

1989ರಲ್ಲಿ ಏನೋ ಆಯಿತು. ನನಗೆ ಹನ್ನೊಂದು, ತಮ್ಮನಿಗೆ ಎಂಟು. ರಾತ್ರಿ ನಾವು ಮಲಗಿದ ಮೇಲೆ ಅಡುಗೆಮನೆಯಲ್ಲಿ ಅಪ್ಪ ಅಮ್ಮ ಪಿಸುಪಿಸು ಮಾತಾಡುವುದು ಶುರುವಾಯಿತು. ನಾನು ನೀರು ಕುಡಿಯಲು ಎದ್ದು ಹೋದರೆ ಮಾತು ನಿಲ್ಲುತ್ತಿತ್ತು. ಅಮ್ಮನ ಕೈಯ ಎರಡು ಬಳೆ ಕಾಣದಾಯಿತು. ಕೇಳಿದರೆ "ಮುರಿದಿತ್ತು, ಮಾಡಿಸೋಕೆ ಕೊಟ್ಟಿದೀನಿ" ಅಂದರು. ಆ ಬಳೆ ಮಾಡಿಸಿ ಬರಲೇ ಇಲ್ಲ. ಅಪ್ಪನಿಗೆ ಕಾಯಿಲೆ ಇರಬೇಕು, ಸತ್ತೇ ಹೋಗುತ್ತಾರೆ ಅಂತ ನಾನು ಒಂದಿಡೀ ಮಳೆಗಾಲ ಹೆದರಿಕೊಂಡಿದ್ದೆ. ಮನೆಯವರು ಮುಚ್ಚಿಟ್ಟಿದ್ದನ್ನು ಮಕ್ಕಳು ತಮಗೆ ತೋಚಿದ ಹಾಗೆ ತುಂಬಿಕೊಳ್ಳುತ್ತಾರೆ. ಹಾಗೆ ತುಂಬಿಕೊಂಡದ್ದು ನಿಜಕ್ಕಿಂತ ದೊಡ್ಡದಾಗಿರುತ್ತದೆ.

ಆಗಿದ್ದು ಇಷ್ಟು. ಅಪ್ಪನ ಸ್ನೇಹಿತರೊಬ್ಬರು ಒಂದು ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ಅಪ್ಪ ಜಾಮೀನು ಹಾಕಿದ್ದರು. ಸ್ನೇಹಿತರು ಊರು ಬಿಟ್ಟರು. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಗುರುತಿದ್ದವರು ಗುರುತಿದ್ದವರಿಗೆ ಆಗುವುದರ ಮೇಲೆಯೇ ಇಂಥ ಸಂಘಗಳು ನಿಂತಿವೆ. ಅದು ದೊಡ್ಡ ವಿಷಯವೇ. ಆದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಅಂತ 1872ರ ಒಪ್ಪಂದ ಕಾಯ್ದೆ ಹೇಳುತ್ತದೆ. ಬರೀ ಸಹಿ ತಾನೇ ಅಂತ ಹಾಕಿದ್ದು ಪೂರ್ತಿ ಸಾಲವಾಗಿ ಅಪ್ಪನ ಹೆಗಲಿಗೆ ಬಂತು. ಇದು ನನಗೆ ಗೊತ್ತಾಗಿದ್ದು ಮದುವೆಯಾದ ಮೇಲೆ, ಅಮ್ಮ ಒಮ್ಮೆ ಬಾಯಿಬಿಟ್ಟಾಗ. ಎಷ್ಟು ಸಾಲ, ಹೇಗೆ ತೀರಿಸಿದಿರಿ ಅಂತ ಕೇಳಿದರೆ, "ಆಯ್ತಲ್ಲ ಬಿಡು" ಅಂದು ಎದ್ದು ಹೋದರು.

ಆ ವರ್ಷಗಳ ಇನ್ನೊಂದು ನೆನಪು ಸಣ್ಣದು. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಅದೇ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಜಾತ್ರೆಗೆ ಬಂದ ನೆಂಟರೆಲ್ಲ ಮಕ್ಕಳ ಕೈಗೆ ದುಡ್ಡು ಕೊಡುತ್ತಾರೆ. ಆ ಸಲ ನನಗೆ ನಲವತ್ತೊಂದು ರೂಪಾಯಿ ಸೇರಿತ್ತು. ಸೋದರಮಾವ ಕೊಟ್ಟ ಹತ್ತರ ನೋಟು ಹೊಸದು, ಗರಿಗರಿಯಾಗಿತ್ತು. ಅಮ್ಮ, "ನನ್ನ ಹತ್ರ ಇರ್ಲಿ ಪುಟ್ಟಿ, ಕಳ್ಕೊಳ್ತೀಯ" ಅಂದು ಇಸ್ಕೊಂಡರು. ಅದು ಮತ್ತೆ ನನ್ನ ಕೈಗೆ ಬರಲಿಲ್ಲ. ಎರಡು ಸಲ ಕೇಳಿದೆ. ಮೂರನೇ ಸಲ ಕೇಳಿದಾಗ ಅಮ್ಮ ಬೈದರು.

ಆ ದುಡ್ಡು ಎಲ್ಲಿಗೆ ಹೋಗಿರಬಹುದು ಅಂತ ಈಗ ಅಂದಾಜಿದೆ. ಅಕ್ಕಿಗೋ, ಕಂತಿಗೋ ಹೋಗಿರುತ್ತದೆ. ಅಮ್ಮನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಆದರೆ ಆ ವಯಸ್ಸಿನ ಮಗುವಿಗೆ ಮೊದಲ ಬ್ಯಾಂಕು ಅಂದರೆ ಅಮ್ಮ. ಇಟ್ಟ ದುಡ್ಡು ವಾಪಸ್ ಬರುವುದಿಲ್ಲ, ಕೇಳಿದರೆ ಬೈಗುಳ ಸಿಗುತ್ತದೆ ಅಂತ ಆ ಬ್ಯಾಂಕು ಕಲಿಸಿದರೆ, ಮಗು ಮುಂದೆ ಕೈಗೆ ಬಂದದ್ದನ್ನು ಬಂದ ಕೂಡಲೇ ಖಾಲಿ ಮಾಡುವುದನ್ನು ಕಲಿಯುತ್ತದೆ. ನಾನು ಕಲಿತದ್ದು ಅದನ್ನೇ. "ಪುಟ್ಟಿ, ನಿನ್ನ ದುಡ್ಡು ಮನೆಗೆ ಬೇಕಾಗಿದೆ, ಕೊಡ್ತೀಯಾ?" ಅಂತ ಅಮ್ಮ ಕೇಳಿದ್ದರೆ ಕುಣಿದಾಡಿಕೊಂಡು ಕೊಡುತ್ತಿದ್ದೆ. ಕೊಟ್ಟ ಹೆಮ್ಮೆಯೂ ನನಗೆ ಉಳಿಯುತ್ತಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಹುಟ್ಟುಹಬ್ಬದ ದುಡ್ಡು, ಹಬ್ಬದ ದುಡ್ಡು, ಉಪನಯನದ ದುಡ್ಡು ಇವತ್ತಿಗೂ ಹೀಗೇ ಸುಮ್ನೆ ಕರಗುತ್ತದೆ ಅಲ್ವಾ?

ಕಡಿಮೆ ದುಡ್ಡಿರುವ ಮನೆಯ ಮಕ್ಕಳಿಗೆ ಹಣದ ವಿಷಯ ಹೇಳಿಕೊಡಬೇಕಾಗಿಯೇ ಇಲ್ಲ, ಅವರು ನೋಡಿಕೊಂಡೇ ಬೆಳೆಯುತ್ತಾರೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನನ್ನ ಕ್ಲಾಸಿನ ಒಬ್ಬ ಹುಡುಗಿಯನ್ನು ಅವಳ ಮನೆಯವರು ದಿನಾ ಅಂಗಡಿಗೆ ಕಳಿಸುತ್ತಿದ್ದರು, ಉದ್ರಿ ತರಲು. ದೊಡ್ಡವರು ಹೋದರೆ ಅಂಗಡಿಯವರು ಹಳೇ ಬಾಕಿ ಕೇಳುತ್ತಾರೆ. ಮಗು ಹೋದರೆ ಇಲ್ಲ ಅನ್ನಲಾರರು. ಅವಳು ಬೇರೆ ಗಿರಾಕಿಗಳೆಲ್ಲ ಹೋಗುವ ತನಕ ಕಂಬದ ಪಕ್ಕ ನಿಂತಿದ್ದು, ಆಮೇಲೆ ಮೆಲ್ಲಗೆ "ಬರ್ಕೊಬೇಕಂತೆ" ಅನ್ನುತ್ತಿದ್ದಳು. ಅವಳು ಅಲ್ಲಿ ಕಲಿತದ್ದು ಲೆಕ್ಕ ಅಲ್ಲ, ಬರೀ ನಾಚಿಕೆ. ತನ್ನ ಮನೆಯ ಬಾಕಿ ಎಷ್ಟು, ಅದು ಯಾವಾಗ ತೀರುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅಷ್ಟು ತಲೆತಗ್ಗಿಸಿ ನಿಲ್ಲುತ್ತಿರಲಿಲ್ಲವೇನೋ.

ನನ್ನ ಕಥೆಗೆ ಬರುತ್ತೇನೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಕೆಲವು ವರ್ಷಕ್ಕೆ ನನ್ನ ಕೈಗೆ ಒಂದು ಕ್ರೆಡಿಟ್ ಕಾರ್ಡ್ ಬಂತು. ಬಿಲ್ಲಿನಲ್ಲಿ ಕನಿಷ್ಠ ಇಷ್ಟು ಕಟ್ಟಿದರೆ ಸಾಕು ಎಂದಿತ್ತು. ಅಷ್ಟೇ ಕಟ್ಟುತ್ತಾ ಬಂದೆ. ಬಡ್ಡಿ ನೂರಕ್ಕೆ ಮೂರರ ಹತ್ತಿರ ಅಂತ ಓದಿದ್ದೆ. ಎಷ್ಟು ಕಮ್ಮಿ ಬಡ್ಡಿ ಅಂತ ಖುಷಿಪಟ್ಟಿದ್ದೆ. ಅದು ತಿಂಗಳ ಬಡ್ಡಿ ಅಂತ ತಿಳಿಯುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ಮೂವತ್ತೈದು. ಬಾಕಿ ತೀರಿಸಲು ಇನ್ನೆರಡು ವರ್ಷ ಹಿಡಿಯಿತು.

ನಮ್ಮ ಊರಿನಲ್ಲಿ "ನೂರಕ್ಕೆ ಎರಡು", "ನೂರಕ್ಕೆ ಮೂರು" ಅನ್ನುವ ಮಾತು ನಾನು ಸಾವಿರ ಸಲ ಕೇಳಿದ್ದೆ. ಕೈಸಾಲದವರ ಬಾಯಲ್ಲಿ ಅದು ಯಾವಾಗಲೂ ತಿಂಗಳ ಲೆಕ್ಕವೇ. ಬ್ಯಾಂಕಿನವರು ಹೇಳುವುದು ವರ್ಷದ ಲೆಕ್ಕ. ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಇಪ್ಪತ್ನಾಲ್ಕು ಅಂತ ಯಾರಾದರೂ ಒಂದೇ ಒಂದು ಸಲ ಬಿಡಿಸಿ ಹೇಳಿದ್ದರೆ ಸಾಕಿತ್ತು. ಹೇಳಬಹುದಾಗಿದ್ದವರು ನನ್ನ ಅಪ್ಪ. ಅವರಿಗೆ ಅದು ನನಗಿಂತ ಚೆನ್ನಾಗಿ, ನೋವಿನ ಸಮೇತ ಗೊತ್ತಿತ್ತು. ಮಕ್ಕಳಿಗೆ ಭಾರ ಆಗಬಾರದು ಅಂತ ಸುಮ್ಮನಿದ್ದರು. ಪ್ರೀತಿಯಿಂದಲೇ ಸುಮ್ಮನಿದ್ದರು.

ಮಗಳು ಹುಟ್ಟಿದಾಗ ನಾನೂ ನನ್ನ ಗಂಡನೂ ಒಂದು ಮಾತು ಮಾಡಿಕೊಂಡೆವು. ಮನೆಯ ದುಡ್ಡಿನ ವಿಷಯ ಅವಳ ಮುಂದೆ ಮಾತಾಡೋಣ. ಅಡುಗೆಮನೆಯ ಪಿಸುಮಾತು ಬೇಡ.

ಹೇಳುವುದು ಸುಲಭ. ಮಾಡಲು ಹೊರಟಾಗ ಎದುರಾದ ಮೊದಲ ಕಷ್ಟ, ದುಡ್ಡೇ ಕಾಣುವುದಿಲ್ಲ. ಯುಪಿಐ ಬಂದದ್ದು 2016ರಲ್ಲಿ, ಇವಳು ಅಂಬೆಗಾಲಿಡುವ ಹೊತ್ತಿಗೆ. ನಾವು ಅಂಗಡಿಯಲ್ಲಿ ಫೋನ್ ಹಿಡಿಯುತ್ತೇವೆ, ಪೆಟ್ಟಿಗೆಯೊಂದು ಇಷ್ಟು ರೂಪಾಯಿ ಬಂತು ಅಂತ ಹೇಳುತ್ತದೆ, ಮುಗಿಯಿತು. ಹಾಲಿಗೂ ಹಾಗೇ, ಫ್ರಿಜ್ಜಿಗೂ ಹಾಗೇ. ಐವತ್ತು ರೂಪಾಯಿಗೂ ಐವತ್ತು ಸಾವಿರಕ್ಕೂ ಮಗುವಿನ ಕಣ್ಣಿಗೆ ವ್ಯತ್ಯಾಸ ಎಲ್ಲಿ ಕಾಣಬೇಕು? ಹಾಗಾಗಿ ತರಕಾರಿಗೆ ಮಾತ್ರ ನೋಟು ಅಂತ ಇಟ್ಟುಕೊಂಡೆವು. ಪ್ರತಿ ಭಾನುವಾರ ನಾಲ್ಕು ನೂರು ರೂಪಾಯಿ ಒಂದು ಬಟ್ಟೆಯ ಪರ್ಸಿನಲ್ಲಿ. ಪರ್ಸು ಮಗಳ ಕೈಯಲ್ಲಿ. ಕೊಡುವುದೂ ಅವಳೇ, ಚಿಲ್ಲರೆ ಎಣಿಸಿಕೊಳ್ಳುವುದೂ ಅವಳೇ. ಕೊನೆಯಲ್ಲಿ ಪರ್ಸು ತೆಳ್ಳಗಾಗುತ್ತದಲ್ಲ, ಅದನ್ನು ಅವಳ ಬೆರಳು ತಿಳಿಯಬೇಕಿತ್ತು. ನೋಟನ್ನು ಓದುವುದೂ ಆಗ ಒಂದು ಆಟವಾಯಿತು. ಐವತ್ತರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆ ಅಂತ ಅವಳೇ ಕಂಡುಹಿಡಿದಳು. ಪಕ್ಕದ ಪಟ್ಟಿಯಲ್ಲಿ ಹದಿನೈದು ಭಾಷೆ, ಮೇಲಿನಿಂದ ನಾಲ್ಕನೆಯದು ಕನ್ನಡ.

ಆರು ತುಂಬಿದಾಗ ವಾರಕ್ಕೆ ಇಪ್ಪತ್ತು ರೂಪಾಯಿ ಕೊಡಲು ಶುರು ಮಾಡಿದೆವು. ತಟ್ಟೆ ತೊಳೆದಿದ್ದಕ್ಕೆ, ಮಾರ್ಕ್ಸ್ ತೆಗೆದಿದ್ದಕ್ಕೆ ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ. ತಟ್ಟೆ ಅವಳದೇ, ಓದೂ ಅವಳದೇ. ಈ ಇಪ್ಪತ್ತು ರೂಪಾಯಿ ಅವಳು ತಪ್ಪು ಮಾಡಲಿ ಅಂತ. ಮೊದಲ ತಿಂಗಳ ಎಂಬತ್ತು ರೂಪಾಯಿ ಪೂರ್ತಿ ಹೊಳೆಯುವ ಸ್ಟಿಕರಿಗೆ ಹೋಯಿತು. ಎರಡು ದಿನಕ್ಕೆ ಸ್ಟಿಕರೆಲ್ಲ ಕಿತ್ತು ಬಂತು. ಅವಳು ಅತ್ತಳು. "ನಾನು ಮೊದಲೇ ಹೇಳಿರಲಿಲ್ವಾ" ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಮಾತು ಹೇಳಿದ್ದರೆ ಅವಳ ಸಿಟ್ಟು ಸ್ಟಿಕರ್ ಬಿಟ್ಟು ನನ್ನ ಮೇಲೆ ತಿರುಗುತ್ತಿತ್ತು, ಕಲಿಯುವುದು ಅಲ್ಲಿಗೆ ಮುಗಿಯುತ್ತಿತ್ತು. ಎಂಬತ್ತು ರೂಪಾಯಿಗೆ ಸಿಗುವ ಪಾಠ ಅಗ್ಗವೇ. ಅದೇ ಪಾಠಕ್ಕೆ ನಾನು ಇಪ್ಪತ್ತಾರನೇ ವಯಸ್ಸಿನಲ್ಲಿ ಕಾರ್ಡಿನ ಬಡ್ಡಿ ತೆತ್ತಿದ್ದೇನೆ.

ಅವಳಿಗೆ ನೆಂಟರು ಕೊಟ್ಟ ದುಡ್ಡಿಗೆ ಬೇರೆ ಪುಸ್ತಕ ಇದೆ. ಕೆಂಪು ರಟ್ಟಿನ ನೂರು ಪುಟದ ನೋಟ್‌ಬುಕ್. ಯಾರು, ಯಾವಾಗ, ಎಷ್ಟು ಎಲ್ಲ ಬರೆಯುತ್ತಾಳೆ. ಒಮ್ಮೆ ಆಟೋಗೆ ಚಿಲ್ಲರೆ ಇಲ್ಲದೆ ಅದರಿಂದ ಇನ್ನೂರು ತೆಗೆದೆ. ಬರೆದು ತೆಗೆದೆ, ಆದರೆ ವಾಪಸ್ ಇಡಲು ಮರೆತೆ. ಇಪ್ಪತ್ಮೂರನೇ ದಿನ ಪುಸ್ತಕ ಹಿಡಿದುಕೊಂಡು ಬಂದಳು. "ಅಮ್ಮ, ಇನ್ನೂರು ಬಾಕಿ ಇದೆ." ಕೂಡಲೇ ಕೊಟ್ಟೆ. ಅವಳು ಹೋದ ಮೇಲೆ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ನಲವತ್ತೊಂದು ರೂಪಾಯಿ ಕೇಳಲು ನಾನು ಅಮ್ಮನ ಹತ್ತಿರ ಎಷ್ಟು ಹೆದರುತ್ತಾ ಹೋಗಿದ್ದೆ. ಇವಳು ಅಂಗಡಿಗೆ ಬಂದವಳ ಹಾಗೆ ನೇರ ಬಂದು ಕೇಳಿದಳು.

ಎಲ್ಲವನ್ನೂ ಹೇಳುತ್ತೇವಾ? ಇಲ್ಲ. ನಮ್ಮ ಸಂಬಳ ಎಷ್ಟು ಅಂತ ಅವಳಿಗೆ ಇನ್ನೂ ಹೇಳಿಲ್ಲ, ಹದಿಮೂರಾಗಲಿ ಅಂತಿದ್ದೇವೆ. ಮನೆ ಸಾಲದ ಕಂತು ಗೊತ್ತು, ಸ್ಕೂಲ್ ಫೀಸು ಗೊತ್ತು. ಎರಡು ವರ್ಷದ ಹಿಂದೆ ನನ್ನ ಗಂಡನಿಗೆ ನಾಲ್ಕು ತಿಂಗಳು ಕೆಲಸ ಇರಲಿಲ್ಲ. ಅದನ್ನೂ ಹೇಳಿದೆವು. "ಅಪ್ಪನಿಗೆ ಈಗ ಕೆಲಸ ಇಲ್ಲ. ಅಮ್ಮನ ಸಂಬಳದಲ್ಲಿ ಮನೆ ನಡೆಯುತ್ತೆ. ಊಟ, ಸ್ಕೂಲು, ಡಾಕ್ಟರು ಯಾವುದಕ್ಕೂ ತೊಂದರೆ ಇಲ್ಲ. ಟ್ರಿಪ್ಪು ಈ ವರ್ಷ ಇಲ್ಲ." ಇಷ್ಟೇ. ಯಾವುದು ಗಟ್ಟಿ ಇದೆ, ಯಾವುದು ಇಲ್ಲ, ಎರಡನ್ನೂ ಹೇಳಬೇಕು. ಬರೀ "ದುಡ್ಡಿಲ್ಲ" ಅಂದರೆ ಮಗು ಹೆದರುತ್ತದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ನನ್ನ ಇಪ್ಪತ್ತು ರೂಪಾಯಿ?" ಅಂದಳು. ಹತ್ತಕ್ಕೆ ಇಳಿಸಿದೆವು. ಅಪ್ಪನಿಗೆ ಕೆಲಸ ಸಿಕ್ಕ ದಿನ ಅವಳೇ ನೆನಪಿಸಿದಳು, ವಾಪಸ್ ಇಪ್ಪತ್ತಾಯಿತು.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದಾಗ ನೋಡಿದ್ದನ್ನು ಹೇಳಲೇಬೇಕು. ತಮ್ಮನ ಹೆಂಡತಿ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಟೀಚರ್. ಅವತ್ತು ಅಲ್ಲಿ ಮಕ್ಕಳ ಸಂತೆ. ಮೆಟ್ರಿಕ್ ಮೇಳ ಅಂತಲೂ ಕರೆಯುತ್ತಾರೆ. ನಮ್ಮ ಸರ್ಕಾರಿ ಶಾಲೆಗಳು ನಡೆಸುವ ಇಷ್ಟು ಒಳ್ಳೆಯ ಪಾಠ ಬೇರೊಂದಿಲ್ಲ ಅಂತ ನನ್ನ ಅಭಿಪ್ರಾಯ. ಅಂಗಳದಲ್ಲಿ ಗೋಣಿ ಹಾಸಿಕೊಂಡು ಮಕ್ಕಳು ಸಾಲಾಗಿ ಕೂತಿದ್ದರು. ಬಸಳೆ, ಗೆಣಸು, ಬಾಳೆಕಾಯಿ, ನಿಂಬೆಹಣ್ಣು, ಮಜ್ಜಿಗೆ, ಮಂಡಕ್ಕಿ. ತಕ್ಕಡಿ ಹಿಡಿಯುವವರೂ ಅವರೇ, ಕೂಗುವವರೂ ಅವರೇ. ಕೊಳ್ಳುವವರು ಊರಿನವರು.

ಬಸಳೆ ಮಾರುತ್ತಿದ್ದ ಹುಡುಗಿ ಹತ್ತು ಗಂಟೆಗೆ ಕಟ್ಟಿಗೆ ಹದಿನೈದು ಅಂದಳು. ಬಿಸಿಲೇರಿ ಸೊಪ್ಪು ಬಾಡತೊಡಗಿದಾಗ ಹತ್ತು. ಹನ್ನೆರಡೂವರೆಗೆ "ಎರಡಕ್ಕೆ ಹತ್ತು, ಎರಡಕ್ಕೆ ಹತ್ತು" ಅಂತ ಕೂಗಿ ಖಾಲಿ ಮಾಡಿದಳು. ಪಕ್ಕದ ಗೆಣಸಿನ ಹುಡುಗ ಕೊನೆಯವರೆಗೂ ಒಂದು ರೂಪಾಯಿ ಇಳಿಸಲಿಲ್ಲ. ನನ್ನ ಮಗಳು ಹೋಗಿ ಯಾಕೆ ಅಂತ ಕೇಳಿದಳು. "ಗೆಣಸು ನಾಳೆನೂ ಇರ್ತದಲ್ಲ" ಅಂದ ಅವನು. ನನಗೆ ಹೂವಿನಕ್ಕ ಮತ್ತು ಬಟ್ಟೆ ಅಂಗಡಿ ನೆನಪಾಯಿತು.

ಮಂಡಕ್ಕಿ ಹುಡುಗ ಇಪ್ಪತ್ತಾರು ಪೊಟ್ಟಣ ಮಾರಿದ್ದ. ಒಂದಕ್ಕೆ ಹತ್ತರಂತೆ 260 ರೂಪಾಯಿ. ಮಂಡಕ್ಕಿ, ಶೇಂಗಾ, ಖಾರಕ್ಕೆ 110 ಖರ್ಚು, ಲಾಭ 150 ಅಂತ ಹಲಗೆಯ ಮೇಲೆ ಬರೆದ. ಟೀಚರ್ ಕೇಳಿದರು. "ಈರುಳ್ಳಿ ಯಾರದ್ದು?"

"ಮನೆದು."

"ಎಣ್ಣೆ?"

"ಮನೆದು."

"ಹಂಗಾದ್ರೆ ಮನೆಗೆ ಎಷ್ಟು ಕೊಡ್ಬೇಕು?"

ಹುಡುಗ ಓಡಿಹೋಗಿ ಬೇಲಿ ಹತ್ತಿರ ನಿಂತಿದ್ದ ಅಮ್ಮನನ್ನು ಕೇಳಿಕೊಂಡು ಬಂದ. ನಲವತ್ತು. ಲಾಭ 110ಕ್ಕೆ ಇಳಿಯಿತು. "ನಿನ್ನಮ್ಮ ಬೆಳಗ್ಗೆ ಎದ್ದು ಈರುಳ್ಳಿ ಹೆಚ್ಚಿಕೊಟ್ರಲ್ಲ, ಆ ಕೂಲಿ?" ಅಂತ ಟೀಚರ್ ಮತ್ತೆ ಕೇಳಿದರು. ಅವನ ಅಮ್ಮ ದೂರದಿಂದಲೇ ನಕ್ಕು, "ಅದಕ್ಕೆಲ್ಲ ಎಂತ ಲೆಕ್ಕ ಟೀಚರೇ" ಅಂದರು. ಸೇರಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು. "ಅಮ್ಮ, ಅಜ್ಜಿ ಯಾವತ್ತಾದ್ರೂ ದುಡ್ಡು ದುಡಿದಿದ್ರಾ?"

ಅಮ್ಮ ತೀರಿಕೊಂಡು ನಾಲ್ಕು ವರ್ಷ. ಹಲಸಿನಕಾಯಿ ಕಾಲದಲ್ಲಿ ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು ಅಂದೆ. ನಾವು ಮಕ್ಕಳೂ ಒತ್ತುತ್ತಿದ್ದೆವು. ಜಗಲಿ ತುಂಬ ಹಪ್ಪಳ ಒಣಗುತ್ತಿದ್ದವು.

"ಎಷ್ಟು ಬರ್ತಿತ್ತು?"

ನನಗೆ ಗೊತ್ತಿರಲಿಲ್ಲ.

ಮಗಳು ಕೆಂಪು ಪುಸ್ತಕವನ್ನು ಊರಿಗೂ ತಂದಿದ್ದಳು. ಅದಕ್ಕೆ ಈಗ ಒಂದು ಜೊತೆ ಸಿಕ್ಕಿದೆ, ಬ್ಯಾಂಕಿನ ಪಾಸ್‌ಬುಕ್. ಹತ್ತು ತುಂಬಿದ ಮಕ್ಕಳು ತಾವೇ ಖಾತೆ ತೆರೆದು ನಡೆಸಬಹುದು. ರಿಸರ್ವ್ ಬ್ಯಾಂಕ್ 2025ರಲ್ಲಿ ಈ ನಿಯಮಗಳನ್ನು ಹೊಸದಾಗಿ ಹೊರಡಿಸಿದೆ. ಎಷ್ಟು ದುಡ್ಡಿನವರೆಗೆ ಅನ್ನುವುದನ್ನು ಆಯಾ ಬ್ಯಾಂಕು ತೀರ್ಮಾನಿಸುತ್ತದೆ. ಇದ್ದದ್ದಕ್ಕಿಂತ ಜಾಸ್ತಿ ತೆಗೆಯಲು ಮಾತ್ರ ಬಿಡುವಂತಿಲ್ಲ. ಸಹಿ ಬೇಕು ಅಂದಾಗ ಎರಡು ಹಾಳೆ ತುಂಬ ಕನ್ನಡದಲ್ಲಿ ಅಭ್ಯಾಸ ಮಾಡಿದ್ದಳು. "ಸಹಿ ಹಾಕೋ ಮುಂಚೆ ಓದ್ಬೇಕು" ಅಂತ ಅವಳಿಗೆ ನಾನು ಹೇಳಿದ್ದೆ. ಯಾಕೆ ಅಂತ ಕೇಳಿದ್ದಕ್ಕೆ ಅಜ್ಜನ ಜಾಮೀನಿನ ವಿಷಯ ನನಗೆ ಗೊತ್ತಿದ್ದಷ್ಟು ಹೇಳಿದ್ದೆ.

ಆ ರಾತ್ರಿ ಊಟ ಆದ ಮೇಲೆ ಅಪ್ಪ ಜಗಲಿಯಲ್ಲಿ ಕೂತಿದ್ದರು. ಮಗಳು ಪುಸ್ತಕ ಹಿಡಿದು ಅವರ ಪಕ್ಕ ಕೂತಳು. "ಅಜ್ಜ, ನಿಮ್ಮ ಸಾಲ ಎಷ್ಟಿತ್ತು?"

ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿದೆ. ಅಪ್ಪ ನಕ್ಕು ಮಾತು ಮರೆಸುತ್ತಾರೆ ಅಂದುಕೊಂಡೆ. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.

"ಹದಿನೆಂಟು ಸಾವಿರ" ಅಂದರು ಅಪ್ಪ.

ಮೂವತ್ತಾರು ವರ್ಷದಲ್ಲಿ ಆ ಅಂಕಿ ನಾನು ಕೇಳಿದ್ದು ಅದೇ ಮೊದಲು.

"ತಿಂಗಳಿಗೆ ಎಷ್ಟು ಕಟ್ತಿದ್ರಿ?"

"ಇನ್ನೂರೈವತ್ತು. ನೂರೈವತ್ತು ನನ್ನ ಕಮಿಷನ್ನಿಂದ. ನೂರು ನಿನ್ನ ಅಜ್ಜಿ ಹಪ್ಪಳದ್ದು."

ಪೆನ್ಸಿಲ್ ಸದ್ದು. ಅವಳು ಭಾಗಿಸುತ್ತಿದ್ದಳು. "ಎಪ್ಪತ್ತೆರಡು ತಿಂಗಳು. ಅಂದ್ರೆ ಆರು ವರ್ಷ. ಸರಿನಾ?"

"ಬಡ್ಡಿ ಬಿಟ್ಟೆ ನೀನು" ಅಂದರು ಅಪ್ಪ. "ನಾಲ್ಕು ಗೆರೆ ಎಳಿ. ಒಂದ್ರಲ್ಲಿ ಬಾಕಿ ಬರಿ. ವರ್ಷಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ. ಅಂದ್ರೆ ತಿಂಗಳಿಗೆ?"

"ಒಂದು."

"ಹದಿನೆಂಟು ಸಾವಿರಕ್ಕೆ?"

"ನೂರಾ ಎಂಬತ್ತು."

"ನಾನು ಕೊಟ್ಟಿದ್ದು ಇನ್ನೂರೈವತ್ತು. ಅದ್ರಲ್ಲಿ ನೂರಾ ಎಂಬತ್ತು ಬಡ್ಡಿಗೇ ಹೋಯ್ತು. ಅಸಲಿಗೆ ಎಷ್ಟು ಉಳೀತು?"

"ಬರೀ ಎಪ್ಪತ್ತು?" ಮಗಳ ಧ್ವನಿ ಏರಿತು. "ಇನ್ನೂರೈವತ್ತು ಕೊಟ್ರೆ ಎಪ್ಪತ್ತೇ ಕಮ್ಮಿ ಆಗೋದಾ?"

"ಹ್ಞೂಂ. ಮೊದಲ್ನೇ ತಿಂಗಳು ಅಷ್ಟೇ. ಈಗ ಎರಡ್ನೇ ತಿಂಗಳು ಬರಿ. ಹದಿನೇಳು ಸಾವಿರದ ಒಂಬೈನೂರ ಮೂವತ್ತು."

ನಾನು ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತೆ. ಇಬ್ಬರೂ ತಲೆ ಎತ್ತಲಿಲ್ಲ. ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ರಸೀದಿ ಬರೆಯುವಾಗ ಕೂರುತ್ತಿದ್ದ ಹಾಗೇ ಬಾಗಿ ಕೂತಿದ್ದರು. ಎರಡನೇ ತಿಂಗಳ ಬಡ್ಡಿ ನೂರಾ ಎಪ್ಪತ್ತೊಂಬತ್ತು ರೂಪಾಯಿ ಮೂವತ್ತು ಪೈಸೆ. ಮೂರನೇ ತಿಂಗಳದ್ದು ನೂರಾ ಎಪ್ಪತ್ತೆಂಟು ರೂಪಾಯಿ ಐವತ್ತೊಂಬತ್ತು ಪೈಸೆ.

"ಹೀಗೇ ಎಷ್ಟು ತಿಂಗಳು ಹೋಗುತ್ತೆ ಅಜ್ಜ?"

ಅಪ್ಪ ಲೆಕ್ಕ ಹಾಕಲಿಲ್ಲ, ಹಾಳೆಯನ್ನೂ ನೋಡಲಿಲ್ಲ. "ನೂರಾ ಇಪ್ಪತ್ತೆಂಟು" ಅಂದರು. "ಕಟ್ಟಿದ್ದು ಒಟ್ಟು ಮೂವತ್ತೆರಡು ಸಾವಿರ."

ತನ್ನ ಪುಸ್ತಕದಲ್ಲಿ ನೂರಾ ಇಪ್ಪತ್ತೆಂಟು ಸಾಲು ಉಳಿದಿದೆಯಾ ಅಂತ ಮಗಳು ಹಾಳೆ ತಿರುವಿ ಎಣಿಸತೊಡಗಿದಳು.